ಮೊಬೈಲಿನ ತೆರೆಗೆ ಬರೆಯುವ ವಿದ್ಯೆ

ನಮ್ಮ ಕಾವ್ಯಮೀಮಾಂಸೆಯ ಸಹೃದಯ ತಾಳ್ಮೆಯವನು. ಕವಿ ಹೇಳಿ ಮುಗಿಸುವವರೆಗೂ ಕಾದಿರುತ್ತಾನೆ. ಮೊಬೈಲಿನ ತೆರೆಯ ಮೇಲೆ ಓದುವವನಿಗೆ ಆ ಬಿಡುವಿಲ್ಲ. ಕಾಲೇಜಿನಲ್ಲಿ ಡಿಜಿಟಲ್ ಬರವಣಿಗೆಯನ್ನು ಕಲಿಸುವುದೆಂದರೆ ಯಂತ್ರದ ಬಳಕೆಯನ್ನು ಕಲಿಸುವುದೆಂದು ಅನೇಕರು ಭಾವಿಸಿದ್ದಾರೆ. ಹುಡುಗರ ಬೆರಳು ಆಗಲೇ ಪಳಗಿದೆ, ಪಳಗಬೇಕಾಗಿರುವುದು ವಾಕ್ಯ.

ನಮ್ಮ ಸೀಮೆಯದೇ ಒಂದು ನಿದರ್ಶನವನ್ನು ನೋಡೋಣ. ಕಳಸ ಹೊರನಾಡುಗಳ ನಡುವಣ ಹೆಬ್ಬಾಳೆ ಸೇತುವೆ, ಭದ್ರೆ ಉಕ್ಕಿದ ಮಳೆಗಾಲಗಳಲ್ಲಿ ಎಷ್ಟೋ ಸಲ ಮುಳುಗಿದೆ. ‘ಈಗತಾನೆ ಸೇತುವೆ ಮುಳುಗಿತು, ಯಾರೂ ಬರಬೇಡಿ’ ಎಂದು ವಿದ್ಯಾರ್ಥಿಯೊಬ್ಬ ಬರೆದನೆನ್ನಿ. ಪತ್ರಿಕೆಯಾದರೆ ತಾರೀಖನ್ನು ನೆತ್ತಿಯ ಮೇಲೆ ಹೊತ್ತಿರುತ್ತದೆ. ಬಾನುಲಿಯ ಮಾತು ಆಡಿದ ಗಳಿಗೆಗೇ ಸಲ್ಲುತ್ತದೆ. ಈ ವಾಕ್ಯವೋ ಕೈಯಿಂದ ಕೈಗೆ ದಾಟಿ, ನೀರು ಇಳಿದ ಮೇಲೂ, ಮರುವರ್ಷವೂ ‘ಈಗತಾನೆ’ ಎನ್ನುತ್ತಲೇ ಇರುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿಯ ಸಂಚಾರ ನಿಂತಿತು. ಅಂಥ ಹೊತ್ತಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೊರಟವರಿಗೆ ಒಂದು ಹಳಸಿದ ಸುದ್ದಿ ಎಷ್ಟು ದುಬಾರಿಯಾದೀತು! ತಾರೀಖು, ಹೊತ್ತು, ಕಣ್ಣಾರೆ ಕಂಡವರು ಯಾರು ಎಂಬುದು ಮೊದಲ ವಾಕ್ಯದಲ್ಲೇ ಬರಬೇಕು. ಮಳೆಯ ವರ್ಣನೆ ಆಮೇಲೆ. (ಮಲೆನಾಡಿಗರಿಗೆ ಇದು ಕಷ್ಟವೇ, ನಾವು ಮಾತು ತೆಗೆಯುವುದೇ ಮಳೆಯಿಂದ.)

ಅಕ್ಷರದ ವಿಷಯವೂ ಒಂದುಂಟು. ಹಳೆಯ ತಂತ್ರಾಂಶಗಳಲ್ಲಿ ಬೆರಳಚ್ಚಾದ ಕನ್ನಡ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಹುಡುಕಿದರೆ ದೊರೆಯದು. ಯೂನಿಕೋಡಿನಲ್ಲಿ ಬರೆದದ್ದಕ್ಕೆ ಈ ಗತಿಯಿಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಎಡೆ ದೊರೆತಿದೆ. 2007ರಲ್ಲಿ ತೀರಿಕೊಂಡ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಳ್ಳಬೇಕೆಂದು ವಾದಿಸಿದವರು. ಹಾಗಿದ್ದೂ ಹುಡುಗರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುತ್ತಾರೆ. ಅದನ್ನು ಸೋಮಾರಿತನವೆಂದೇ ನಾನು ಕರೆಯುತ್ತೇನೆ.

ಅಭ್ಯಾಸಕ್ಕೆ ವಸ್ತು ಯಾವುದು? ಕಾಫಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ಕೊಡಬಹುದು. ಶೇಕಡಾ 1ರ ಹದಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು; ಕಬ್ಬಿಣದ ಪಾತ್ರೆ ಕೂಡದು. ಇದನ್ನು ವಿದ್ಯಾರ್ಥಿಗಳು 60 ಪದಗಳಲ್ಲಿ ಬರೆಯಲಿ. ಅನಂತರ ತೋಟದ ಕೆಲಸದವರೊಬ್ಬರು ಅದನ್ನು ಮೊಬೈಲಿನಲ್ಲಿ ಓದಿಕೊಂಡು, ಒದ್ದೆಗೈಯಲ್ಲಿ ತೆರೆಯನ್ನು ಮತ್ತೆ ಮುಟ್ಟದೆ, ದ್ರಾವಣವನ್ನು ಕಲಸಲಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ, ಆ ವಾಕ್ಯವನ್ನು ಮರುದಿನ ಕರಿಹಲಗೆಯ ಮೇಲೆ ಬರೆದು ಪಾಠವನ್ನು ಆರಂಭಿಸಬಹುದು.