ಆ ಕಲ್ಲಿನ ಮೇಲಿರೋದು ಸಿಂಹವಲ್ಲ, ಹುಲಿ

ಮೊದಲೇ ಒಪ್ಪಿಕೊಂಡುಬಿಡ್ತೇನೆ, ಇದು ನನ್ನದೇ ತಪ್ಪೊಂದನ್ನು ತಿದ್ದುವ ಬರಹ.

ಹಳಿಯಾಳ ತಾಲ್ಲೂಕಿನ ಒಂದು ಹೊಲದ ಬದುವಿನಲ್ಲಿ ಮೂರಡಿ ಎತ್ತರದ ಕಲ್ಲೊಂದು ನಿಂತಿದೆ. ಅಕ್ಷರಗಳಿದ್ದ ಪಟ್ಟಿ ಪೂರ್ತಿ ಸವೆದಿದೆ. ಕೆಳಗಿನ ಅಂಕಣದಲ್ಲಿ ಬಾಯಿ ತೆರೆದು, ಮುಂಗಾಲು ಎತ್ತಿ ನಿಂತ ಒಂದು ಮೃಗ. ಮಧ್ಯಾಹ್ನದ ಬಿಸಿಲಲ್ಲಿ ಅದರ ಕುತ್ತಿಗೆಯ ಮೇಲೆ ಉಬ್ಬಿದ ಭಾಗ ಕೇಸರದಂತೆ ಕಂಡಿತು. ನೋಟ್‌ಬುಕ್‌ನಲ್ಲಿ ‘ಸಿಂಹ. ಗೋವೆ ಕದಂಬರ ಲಾಂಛನ?’ ಅಂತ ಬರೆದುಕೊಂಡೆ, ಫೋಟೋ ಜೊತೆ ವಾಟ್ಸಾಪ್ ಗುಂಪಿಗೂ ಹಾಕಿದೆ. ಒಂದೇ ವಾರದಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಯ್ತು. ‘ಕದಂಬರ ರಾಜಲಾಂಛನವಿರುವ ಅಪರೂಪದ ಕಲ್ಲು’ ಅಂತ ಅದೇ ಫೋಟೋ ನನಗೇ ತಿರುಗಿ ಬಂತು.

ಎರಡನೇ ಸಲ ಹೋದಾಗ ಹೊಲದ ಯಜಮಾನರು ನಕ್ಕರು. “ಸಿಂಹ ಎಲ್ಲಿಂದ ಬರಬೇಕ್ರಿ ಸಾಹೇಬ್ರ ಇಲ್ಲಿ? ಹುಲಿ ಅದು.”

ಕತ್ತಲಾಗುವ ತನಕ ಕಾದು, ಟಾರ್ಚನ್ನು ಕಲ್ಲಿನ ಬದಿಯಿಂದ ಓರೆಯಾಗಿ ಹಿಡಿದು ನೋಡಿದೆ. ಕೇಸರ ಅಂತ ನಾನು ತಿಳಿದದ್ದು ಮನುಷ್ಯನ ತೋಳು. ಮುಖ, ಎದೆ ಸವೆದುಹೋದ ಒಬ್ಬ ಆಳು ಮೃಗದ ಕುತ್ತಿಗೆಗೆ ಕೈ ಹಾಕಿದ್ದಾನೆ. ಕೆಳಗೆ ಅವನ ಎರಡು ಕಾಲುಗಳು ಸ್ಪಷ್ಟವಾಗಿ ಉಳಿದಿವೆ. ಅಂದರೆ ಇದು ಹುಲಿಬೇಟೆಯ ವೀರಗಲ್ಲು. ಹುಲಿಯೊಡನೆ ಹೋರಾಡಿ ಸತ್ತವನ ನೆನಪಿಗೆ ಊರವರು ನಿಲ್ಲಿಸಿದ್ದು. ‘ಲಾಂಛನ’ ಅನ್ನುವ ಒಂದು ಮಾತಿನಿಂದ ನಾನು ಅವನನ್ನೇ ಅಳಿಸಿಬಿಟ್ಟಿದ್ದೆ.

ಈ ತಪ್ಪು ಯಾಕೆ ಇಷ್ಟು ಸುಲಭ? ನಾವು ಶಾಸನ ಓದಲು ಕಲಿಯುವುದೇ ರಾಜರಿಂದ. ಬನವಾಸಿ ಕದಂಬರದು ಸಿಂಹಲಾಂಛನ. ಗೋವೆ ಕದಂಬರದೂ ಅದೇ, ಅವರ ಚಿನ್ನದ ನಾಣ್ಯಗಳ ಮೇಲೂ ಸಿಂಹ. ಹಳಿಯಾಳದಿಂದ ದೂರವೇನಲ್ಲದ ಖಾನಾಪುರ ತಾಲ್ಲೂಕಿನ ಹಲಸಿ ಈ ಎರಡೂ ಮನೆತನಗಳಿಗೆ ಮುಖ್ಯವಾದ ಊರು. ಹೀಗಾಗಿ ಈ ಭಾಗದಲ್ಲಿ ಬಾಯಿ ತೆರೆದ ಯಾವ ಮೃಗ ಕಂಡರೂ ಮನಸ್ಸು ಕದಂಬ ಅನ್ನುತ್ತದೆ. ಇನ್ನೂ ದಕ್ಷಿಣಕ್ಕೆ ಹೋದರೆ ಹೊಯ್ಸಳ ಅನ್ನುತ್ತದೆ.

ಆದರೆ ದಾಂಡೇಲಿ, ಜೋಯಿಡಾದ ಕಾಡಿನಲ್ಲಿ ಸಿಂಹ ಇರಲಿಲ್ಲ. ಇತ್ತೀಚಿನ ಶತಮಾನಗಳಲ್ಲಿ ಭಾರತದ ಸಿಂಹಗಳ ನೆಲೆ ನರ್ಮದೆಯಿಂದ ಉತ್ತರಕ್ಕೇ ಇತ್ತು. ಈಗ ಉಳಿದಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ. ಇಲ್ಲಿಯದು ಹುಲಿಯ ಕಾಡು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ನದಿಯ ಹೆಸರಿನಿಂದ ‘ಕಾಳಿ’ ಆದ ಕಾಡು ಇದೇ. ಸಿಂಹ ಇಲ್ಲಿಗೆ ಬಂದದ್ದು ತಾಮ್ರಪಟದ ಮುದ್ರೆಯ ಮೇಲೆ, ನಾಣ್ಯದ ಮೇಲೆ, ದೇವಸ್ಥಾನದ ಮೆಟ್ಟಿಲಿನ ಪಕ್ಕಕ್ಕೆ. ರಾಜ್ಯದ ಜೊತೆ ಬಂತು, ರಾಜ್ಯದ ಜೊತೆ ಹೋಯಿತು.

ನಾನು ಈಗ ಬಳಸುವ ಒಂದು ಕೈಗೋಲು ಹೇಳ್ತೇನೆ. ಇದು ನಿಯಮವಲ್ಲ, ಕೈಗೋಲು ಮಾತ್ರ. ಮೃಗ ಯಾವ ಭಾಷೆಯಲ್ಲಿದೆ ಅಂತ ಕೇಳಿಕೊಳ್ಳಿ. ಲಾಂಛನದ, ಬಿರುದಿನ ಮೃಗ ಸಾಮಾನ್ಯವಾಗಿ ಸಂಸ್ಕೃತದಲ್ಲಿರುತ್ತದೆ: ಸಿಂಹ, ಶಾರ್ದೂಲ, ವರಾಹ. ಜೀವ ತೆಗೆದ ಮೃಗ ಕನ್ನಡದಲ್ಲಿರುತ್ತದೆ: ಪುಲಿ, ಪಂದಿ.

ಹಂದಿಯನ್ನೇ ನೋಡಿ. ಚಾಲುಕ್ಯರ ಧ್ವಜ, ಮುದ್ರೆಗಳ ಮೇಲೆ ಅದು ವರಾಹ. ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಅದು ಭೂಮಿಯನ್ನು ಎತ್ತಿದ ದೇವರು. ಚಿನ್ನದ ನಾಣ್ಯಕ್ಕೂ ವರಾಹ ಅಂತಲೇ ಹೆಸರಾಯಿತು. ಆದರೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನಕ್ಕೆ ಬಂದರೆ ಅದು ಬರೀ ‘ಪಂದಿ’.

ಆತಕೂರಿನ ಕಲ್ಲು ಶಕ 872ರದು, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸುದ್ದಿ ಇದರಲ್ಲಿದೆ. ಚರಿತ್ರೆಯ ಪುಸ್ತಕಗಳು ಇದನ್ನು ಎತ್ತಿಕೊಳ್ಳುವುದೂ ಆ ಯುದ್ಧಕ್ಕಾಗಿಯೇ. ಕಲ್ಲು ಎದ್ದಿರುವ ಕಾರಣ ಬೇರೆ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ‘ಮೆಚ್ಚಿದೆ, ಬೇಡಿಕೋ’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ‘ಒಡಸತ್ತುವು’, ಒಟ್ಟಿಗೇ ಸತ್ತವು. ಮಣಲೆರ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಮೇಲ್ಭಾಗದಲ್ಲಿ ನಾಯಿ ಹಂದಿ ಕಾದಾಡುವ ಚಿತ್ರವೂ ಇದೆ. ಕಾಳಿ ನದಿಯ ಪಕ್ಕ ಓಡಾಡುವ ನನಗೆ ಆ ನಾಯಿಯ ಹೆಸರು ಪ್ರತೀ ಸಲ ನೆನಪಾಗ್ತದೆ.

ಆತಕೂರಲ್ಲಿ ಅಕ್ಷರ ಉಳಿಯಿತು. ನಮ್ಮ ಹೊಲದ ಕಲ್ಲಿನಲ್ಲಿ ಉಳಿಯಲಿಲ್ಲ. ಅಕ್ಷರವಿಲ್ಲದ ಕಡೆ ಚಿತ್ರವನ್ನೇ ಓದಬೇಕು. ಹೇಗೆ?

ಮೊದಲು, ಕಲ್ಲು ಎಲ್ಲಿದೆ ನೋಡಿ. ಲಾಂಛನ ಮುದ್ರೆಯಲ್ಲಿ, ನಾಣ್ಯದಲ್ಲಿ, ಗುಡಿಯಲ್ಲಿರುತ್ತದೆ. ಬೇಟೆಯ ವೀರಗಲ್ಲು ಹೆಚ್ಚಾಗಿ ಊರಂಚಿನಲ್ಲಿ, ಹೊಲದಲ್ಲಿ, ಕೆರೆ ಏರಿಯ ಬಳಿ ಸಿಗುತ್ತದೆ.

ಎರಡನೆಯದು, ಅಂಕಣಗಳನ್ನು ಎಣಿಸಿ. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು. ಕೆಳಗೆ ಹೋರಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ಅದರ ಮೇಲೆ ಸೂರ್ಯ ಚಂದ್ರ. ಇವುಗಳಲ್ಲಿ ಒಂದು ಕುರುಹು ಉಳಿದಿದ್ದರೂ ಲಾಂಛನದ ಮಾತನ್ನು ಬದಿಗಿಡಿ.

ಮೂರನೆಯದು, ಮನುಷ್ಯನನ್ನು ಹುಡುಕಿ. ಕೇಸರ ಇದೆಯೋ ಇಲ್ಲವೋ ಅನ್ನುವುದನ್ನಷ್ಟೇ ನಂಬಬೇಡಿ. ಸಳನ ಕಥೆಯನ್ನು ಹುಲಿಯದೆಂದು ಹೇಳುತ್ತೇವೆ, ಆದರೆ ಬೇಲೂರಿನಲ್ಲಿ ಅವನ ಎದುರಿಗಿರುವ ಮೃಗಕ್ಕೆ ಸಿಂಹದ ಕಳೆಯೇ ಹೆಚ್ಚು. ಶಿಲ್ಪಿಯ ಕೈ ರೂಢಿಯ ಹಿಂದೆ ಹೋಗುತ್ತದೆ. ಕಠಾರಿ, ಭರ್ಜಿ, ಕಾಲ ಬಳಿ ಒಂದು ಬೇಟೆನಾಯಿ, ಇವು ಹೆಚ್ಚು ನಂಬಿಕಸ್ಥ ಸಾಕ್ಷಿಗಳು.

ಮನುಷ್ಯನೇ ಇಲ್ಲದೆ ಹುಲಿ ಒಂದೇ ಇದ್ದರೆ? ಆಗ ಊರವರನ್ನು ಕೇಳಿ. ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ಹುಲಿದೇವರು, ಹುಲಿಯಪ್ಪ ಇದ್ದಾರೆ. ಗೋವೆಯ ಕಡೆಗೆ ಹೋದರೆ ವಾಘ್ರೋ. ಅದು ಪೂಜೆಗೊಳ್ಳುವ ಹುಲಿ. ಕೊಂದ ಹುಲಿಗೂ ಕಾಯುವ ಹುಲಿಗೂ ಇರುವ ಅಂತರ ಕಲ್ಲಿಗಿಂತ ಊರಿಗೆ ಚೆನ್ನಾಗಿ ಗೊತ್ತಿರ್ತದೆ.

ಲಾಂಛನದ ಸಿಂಹ ಈಗಲೂ ಈ ಸೀಮೆಗೆ ಬರುವುದನ್ನು ಬಿಟ್ಟಿಲ್ಲ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸತಿ ಇದೆ. ಅವರ ಧ್ವಜದ ಮೇಲೆ ಎರಡು ಹಿಮಸಿಂಹಗಳು, ಬಿಳಿ ಮೈ, ಹಸಿರು ಕೇಸರ. ಅಂಥ ಪ್ರಾಣಿಯನ್ನು ಯಾರೂ ಕಂಡಿಲ್ಲ, ಆದರೆ ತಮ್ಮ ನೆಲ ಬಿಟ್ಟು ಬಂದವರು ಅದನ್ನು ಬಿಟ್ಟು ಬರಲಿಲ್ಲ. ಲಾಂಛನ ಜನರ ಜೊತೆ ಹೀಗೆ ಸಾವಿರಾರು ಮೈಲಿ ನಡೆಯಬಲ್ಲದು. ವೀರಗಲ್ಲು ನಡೆಯಲಾರದು. ಸತ್ತವನ ಊರೇ ಅದರ ವಿಳಾಸ.

ಅದಕ್ಕೇ ಒಂದು ವಿನಂತಿ. ಇಂಥ ಕಲ್ಲು ಕಂಡರೆ ನಾಲ್ಕೂ ಬದಿಯ ಫೋಟೋ ತೆಗೆಯಿರಿ, ಸಂಜೆಯ ಓರೆ ಬೆಳಕಿನಲ್ಲಿ ಇನ್ನೊಮ್ಮೆ ತೆಗೆಯಿರಿ. ಎಣ್ಣೆ, ಬಣ್ಣ, ಸುಣ್ಣ ಹಚ್ಚಬೇಡಿ. ಜಾಗ ಬದಲಿಸಬೇಡಿ. ಗೊತ್ತಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬೇರೆಯವರ ಬರಹವನ್ನು ಕಳಿಸುವಾಗ ಅದನ್ನು ಅಳಿಸಬೇಡಿ.

ನನ್ನ ನೋಟ್‌ಬುಕ್‌ನ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಹುಲಿಬೇಟೆ ವೀರಗಲ್ಲು. ಅಕ್ಷರ ಸವೆದಿದೆ. ವೀರನ ಹೆಸರು ತಿಳಿಯದು.’ ಹಳೆಯ ಫೋಟೋ ನಿಮ್ಮ ಗುಂಪುಗಳಲ್ಲಿ ಓಡಾಡುತ್ತಿದ್ದರೆ ದಯವಿಟ್ಟು ಇದನ್ನೂ ಅದರ ಹಿಂದೆ ಕಳಿಸಿ.