ಹಾರೋಹಳ್ಳಿ ಹಾದಿಗೆ ಕುದುರೆ ಬಂದ ಬಗೆ

ಶನಿವಾರ ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಟೀ ಅಂಗಡಿಗಳ ಮುಂದೆ ಸ್ವಲ್ಪ ನಿಂತರೆ ಸಾಕು, ಈಗಿನ ಹುಡುಗರ ಭಾನುವಾರ ಎತ್ತ ಹೊರಟಿದೆ ಎಂದು ತಿಳಿಯುತ್ತದೆ. ಮೊದಲೆಲ್ಲ ಮುತ್ತತ್ತಿ, ಸಂಗಮ, ಮೇಕೆದಾಟು. ಹರಕೆ ಇದ್ದವರಿಗೆ ಕಬ್ಬಾಳು. ಈಗ ಆ ಪಟ್ಟಿಗೆ ಕುದುರೆ ಸವಾರಿಯೂ ಸೇರಿಕೊಂಡಿದೆ. ಹತ್ತಿರದ ತೋಟವೊಂದರಲ್ಲಿ ಬೆಳಗಿನ ಒಂದು ಗಂಟೆಯ ಸವಾರಿ, ಸಾಲಾಗಿ ಎರಡು ದಿನ ರಜೆ ಸಿಕ್ಕರೆ ಕಡಲ ಕಡೆಗೆ. ಮೊಬೈಲಿನಲ್ಲಿ ತೋರಿಸುವ ಫೋಟೊಗಳೆಲ್ಲ ಒಂದೇ ಬಗೆ: ಹಿಂದೆ ಕಾಡು ಇಲ್ಲವೇ ಅಲೆ, ಮಧ್ಯೆ ಕುದುರೆ, ಮೇಲೆ ಹೆಲ್ಮೆಟ್ ಹಾಕಿಕೊಂಡು ಹಲ್ಲು ಬಿಡುವ ಗೆಳೆಯ. ಲಗಾಮು ಹಿಡಿದು ಪಕ್ಕದಲ್ಲೇ ನಿಂತವನನ್ನು ಮಾತ್ರ ಫೋಟೊ ಅರ್ಧಕ್ಕೆ ಕತ್ತರಿಸಿರುತ್ತದೆ.

ಈ ಮೋಜು ನಿನ್ನೆ ಮೊನ್ನೆಯದು. ಆದರೆ ಕಡಲ ದಂಡೆಯಿಂದ ಕಾಡು ಹಾಯ್ದು ಬಯಲಿಗೆ ಕುದುರೆ ನಡೆದ ದಾರಿ ನಮ್ಮಲ್ಲಿ ತುಂಬ ಹಳೆಯದು. ಆಗ ಅದನ್ನು ಯಾರೂ ಮೋಜು ಎಂದು ಕರೆದಿರಲಿಲ್ಲ.

ದಖನ್ನಿನಲ್ಲಿ ಯುದ್ಧಕ್ಕೆ ಒದಗುವಂಥ ದೊಡ್ಡ ಕುದುರೆ ಹುಟ್ಟುತ್ತಿದ್ದುದು ಕಡಿಮೆ. ಇಲ್ಲಿನ ಸೆಕೆ, ಮಳೆಗಾಲದ ತೇವ, ಮೇವಿನ ಗುಣ ಯಾವುದೂ ಅದಕ್ಕೆ ಒಗ್ಗುತ್ತಿರಲಿಲ್ಲ. ನಾಡಕುದುರೆ ಗಟ್ಟಿಯೇನೋ ಹೌದು, ಗಿಡ್ಡ. ಹೀಗಾಗಿ ಬಹಮನಿಗಳಿಗೂ ವಿಜಯನಗರಕ್ಕೂ ಅರಬ್ಬೀ ಕುದುರೆಯೇ ಬೇಕಾಗಿತ್ತು. ಅದು ಬರಬೇಕಿದ್ದುದು ಹಡಗಿನಲ್ಲಿ. 1470ರ ಸುಮಾರಿಗೆ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಒಂದೇ ಒಂದು ಗಂಡು ಕುದುರೆಯನ್ನು ನಂಬಿಕೊಂಡು ಹೋರ್ಮುಜ್‌ನಿಂದ ಕಡಲು ದಾಟಿ ಚೌಲ್ ಬಂದರಿನಲ್ಲಿ ಇಳಿದ. ಅಲ್ಲಿಂದ ಘಟ್ಟ ಹತ್ತಿ ಜುನ್ನರಿಗೆ ಬಂದರೆ ಅಲ್ಲಿನ ಖಾನ ಕುದುರೆಯನ್ನೇ ಕಿತ್ತುಕೊಂಡ. ನೆರವಿಗೆ ಬಂದ ಖುರಾಸಾನಿಯೊಬ್ಬನ ಮಾತಿನಿಂದ ಅದು ವಾಪಸಾಯಿತು. ಕೊನೆಗೆ ಅವನು ಅದನ್ನು ಮಾರಿದ್ದು ನಮ್ಮ ಬೀದರಿನಲ್ಲಿ. ಕಲಬುರಗಿ ಬಳಿಯ ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತಿದ್ದವೆಂದು ಬರೆದಿದ್ದಾನೆ. ಲೆಕ್ಕದಲ್ಲಿ ವ್ಯಾಪಾರಿಯ ಉತ್ಪ್ರೇಕ್ಷೆ ಇರಬಹುದು. ಆದರೆ ಇಲ್ಲಿಯವರು ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ಅವನು ಬರೆದದ್ದು ಕಣ್ಣಾರೆ ಕಂಡವನ ಮಾತು. ಹುರುಳಿ ಬೆಳೆಯುವ ನಮ್ಮ ಸೀಮೆಯವರಿಗೆ ಅದನ್ನು ನಂಬುವುದು ಕಷ್ಟವೇನಲ್ಲ.

ವಿಜಯನಗರದ ಕುದುರೆಗಳು ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರದಂಥ ಕರಾವಳಿ ಬಂದರುಗಳಲ್ಲಿ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಈ ವ್ಯಾಪಾರದ ಬೀಗದ ಕೈಯೂ ಅವರದಾಯಿತು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನೂನಿಸ್ ಕೊಡುವ ಲೆಕ್ಕದಂತೆ, ರಾಯರು ಹೋರ್ಮುಜ್ ಕುದುರೆ, ನಾಡಕುದುರೆ ಸೇರಿ ವರ್ಷಕ್ಕೆ 13,000 ಕೊಳ್ಳುತ್ತಿದ್ದರು. ಉತ್ತಮವಾದವು ರಾಯರ ಲಾಯಕ್ಕೆ, ಉಳಿದವು ನಾಯಕರಿಗೆ. ಹಿಂದಿನ ದೊರೆ ಸಾಳುವ ನರಸಿಂಹನ ವಿಷಯದಲ್ಲಿ ನೂನಿಸ್ ಹೇಳುವ ಇನ್ನೊಂದು ಸಂಗತಿ ಇದೆ. ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದರಂತೆ. ಕಡಲಿನ ನಷ್ಟವನ್ನು ದೊರೆಯೇ ಹೊರದಿದ್ದರೆ ಯಾವ ವ್ಯಾಪಾರಿಯೂ ಇತ್ತ ತಲೆ ಹಾಕುತ್ತಿರಲಿಲ್ಲ. ಕುದುರೆಯಿಲ್ಲದೆ ರಾಜ್ಯ ಉಳಿಯುವುದಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. 1547ರಲ್ಲಿ ಗೋವೆಯ ಗವರ್ನರ್ ವಿಜಯನಗರದೊಂದಿಗೆ ಮಾಡಿಕೊಂಡ ಒಪ್ಪಂದದ ತಿರುಳೂ ಅದೇ: ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಹೋಗಬೇಕು, ಬಿಜಾಪುರಕ್ಕೆ ಹೋಗಕೂಡದು.

ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಬದಿಯ ಕೆತ್ತನೆಗಳನ್ನು ಒಮ್ಮೆ ಬಗ್ಗಿ ನೋಡಿ. ಕುದುರೆಯ ಮುಂದೆ, ಅದನ್ನು ಹಿಡಿದು, ಪರದೇಶದ ಉಡುಪಿನವರು ನಡೆಯುತ್ತಿದ್ದಾರೆ. ವಾರಗಟ್ಟಲೆ ಹಡಗಿನಲ್ಲಿ ನಿಂತೇ ಬಂದ ಪ್ರಾಣಿ ಮರಳ ಮೇಲೆ ಕಾಲೂರಿ, ದಟ್ಟ ಕಾಡಿನ ಘಟ್ಟ ಹತ್ತಿ, ಬಯಲುಸೀಮೆ ಸೇರುತ್ತಿತ್ತು. ಇಂದು ಪ್ರವಾಸದ ಜಾಹೀರಾತುಗಳಲ್ಲಿ ‘ಕಾಡು ಮತ್ತು ಕಡಲ ಸವಾರಿ’ ಎಂದು ಮಾರುವ ಅನುಭವದ ಮೊದಲ ಆವೃತ್ತಿ ಇದೇ. ಬಹುಪಾಲು ದಾರಿಯಲ್ಲಿ ಬೆನ್ನ ಮೇಲೆ ಯಾರೂ ಇರುತ್ತಿರಲಿಲ್ಲ ಅಷ್ಟೆ. ಇಷ್ಟು ಬೆಲೆಯ ಸರಕಿನ ಮೇಲೆ ಕೂರುವ ಮೂರ್ಖತನ ಯಾವ ವ್ಯಾಪಾರಿ ಮಾಡುತ್ತಾನೆ?

ಹಾರೋಹಳ್ಳಿ ಸೀಮೆಗೆ ಕುದುರೆ ಹತ್ತಿರವಾದದ್ದು ಮೈಸೂರು ದೊರೆತನದ ಕಾಲಕ್ಕೆ. ಮಾಗಡಿ ದಾಟಿ ಪಶ್ಚಿಮಕ್ಕೆ ಹೋದರೆ ಕುಣಿಗಲ್. ಅಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಅಶ್ವದಳದ ನೆನಪಿನೊಂದಿಗೆ ಬೆಸೆದುಕೊಂಡದ್ದು. ಇತ್ತ ಪೂರ್ವಕ್ಕೆ ಆನೇಕಲ್ ದಾಟಿದರೆ ಹೊಸೂರು. ಕನ್ನಡ ಮಾತಾಡುವ ಮನೆಗಳು ಇಂದಿಗೂ ಇರುವ ಆ ಗಡಿ ಸೀಮೆಯ ಮತ್ತಿಗಿರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 1824ರಲ್ಲಿ ತನ್ನ ಸೈನ್ಯಕ್ಕಾಗಿ ಕುದುರೆ ಸಾಕುವ ಫಾರಂ ತೆರೆಯಿತು. ಹಾರೋಹಳ್ಳಿ ಇವೆರಡರ ನಡುವೆ ಬರುತ್ತದೆ. ಎರಡೂ ಫಾರಂಗಳು ಈ ಎತ್ತರದ ಒಣ ಬಯಲನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಕರಾವಳಿಯ ತೇವದಲ್ಲಿ ಬಾಳದ ಪ್ರಾಣಿ ಇಲ್ಲಿನ ಗಾಳಿಗೆ ಹೇಗೋ ಬಾಳುತ್ತದೆ.

ಆಗ ನಮ್ಮ ಸುತ್ತಲಿನ ಕಾಡು ಹೆಸರಿಗಷ್ಟೇ ಕಾಡಾಗಿರಲಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗಕ್ಕೆ ಮುತ್ತಿಗೆ ಹಾಕಿದಾಗ ಬೆಟ್ಟಕ್ಕಿಂತ ಮೊದಲು ಅದನ್ನು ಕಾಡಿಸಿದ್ದು ಸುತ್ತ ಹಬ್ಬಿದ್ದ ಬಿದಿರು ಮೆಳೆ. ಟಿಪ್ಪು ಮಡಿದ ಮೇಲೆ, 1800ರಲ್ಲಿ, ದಿವಾನ್ ಪೂರ್ಣಯ್ಯನವರು ಈ ಕಾಡು ಹಾದಿಯ ಪ್ರಯಾಣಿಕರಿಗೆ ರಕ್ಷಣೆಯಿರಲೆಂದು ಹೆದ್ದಾರಿ ಬದಿಯಲ್ಲಿ ಒಂದು ಪೇಟೆ ಕಟ್ಟಿಸಿದರು. ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನ ಆ ಕ್ಲೋಸ್‌ಪೇಟೆಯೇ ಇಂದಿನ ರಾಮನಗರ.

ಮೈಸೂರಿನ ಕುದುರೆಗಳು ಮತ್ತೆ ಕಡಲು ಕಂಡದ್ದು ಮೊದಲ ಮಹಾಯುದ್ಧದಲ್ಲಿ. 1914ರಲ್ಲಿ ಈಜಿಪ್ಟಿಗೆ ಹೋದ ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ಬಂದರನ್ನು ಹಿಡಿಯಿತು. ಜೋಧಪುರದವರು ಊರೊಳಗೆ ನುಗ್ಗಿದರೆ ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳು. ಮೆಷಿನ್‌ಗನ್ನುಗಳ ಎದುರು ಈಟಿ ಹಿಡಿದು ಕುದುರೆ ಓಡಿಸಿ ಗೆದ್ದ ಕೊನೆಯ ಕಾಳಗಗಳಲ್ಲಿ ಅದೂ ಒಂದು. ದೆಹಲಿಯ ತೀನ್ ಮೂರ್ತಿ ವೃತ್ತ 2018ರಲ್ಲಿ ಹೈಫಾದ ಹೆಸರನ್ನೂ ಪಡೆದು ಸುದ್ದಿಯಾಯಿತು, ಬೆಂಗಳೂರಿನ ಜೆ.ಸಿ. ನಗರದಲ್ಲೇ ಇರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಬಿಎಂಟಿಸಿ ಬಸ್ಸುಗಳು ನಿಲ್ಲದೇ ಹೋಗುತ್ತವೆ.

ಯುದ್ಧದಿಂದ ಕುದುರೆ ಹೊರಬಿದ್ದ ಮೇಲೆ ಅದನ್ನು ಉಳಿಸಿದ್ದು ಜೂಜು. ಹೀಗೆ ಹೇಳಿದರೆ ರೇಸ್ ಪ್ರಿಯರಿಗೆ ಸಿಟ್ಟು ಬರಬಹುದು, ಆದರೆ ಸತ್ಯ. ಕುಣಿಗಲ್ ಫಾರಂ ಸೈನ್ಯದ ಕುದುರೆ ಬಿಟ್ಟು ರೇಸಿನ ಥರೋಬ್ರೆಡ್ ತಳಿಗೆ ಹೊರಳಿತು. 1992ರಲ್ಲಿ ವಿಜಯ್ ಮಲ್ಯ ಅವರ ಕಂಪನಿಗೆ ಗುತ್ತಿಗೆಗೂ ಹೋಯಿತು. ರೇಸಿನ ಕುದುರೆ ಎರಡು ವರ್ಷದ ವಯಸ್ಸಿಗೇ ಓಡಲು ಶುರುಮಾಡುತ್ತದೆ. ಐದೋ ಏಳೋ ವರ್ಷ ತುಂಬುವಷ್ಟರಲ್ಲಿ ಬಹುತೇಕ ಕುದುರೆಗಳ ಓಟ ಮುಗಿದಿರುತ್ತದೆ. ಆಯಸ್ಸು ಮಾತ್ರ ಇಪ್ಪತ್ತೈದರ ಆಸುಪಾಸು. ಉಳಿದ ಹದಿನೆಂಟು ಇಪ್ಪತ್ತು ವರ್ಷ ಅದು ಎಲ್ಲಿರಬೇಕು, ಯಾರು ಮೇವು ಹಾಕಬೇಕು? ನಮ್ಮ ಭಾನುವಾರದ ಸವಾರಿ ಹುಟ್ಟಿಕೊಂಡದ್ದು ಈ ಪ್ರಶ್ನೆಯಿಂದ. ಸವಾರಿ ಶಾಲೆ, ರೆಸಾರ್ಟು, ಮದುವೆ ಮೆರವಣಿಗೆ, ಕಡಲ ದಂಡೆ, ಇವೆಲ್ಲ ನಿವೃತ್ತ ರೇಸ್ ಕುದುರೆಯ ಎರಡನೇ ನೌಕರಿಗಳು. ಅದೃಷ್ಟವಿದ್ದ ಕುದುರೆಗೆ ಒಳ್ಳೆಯ ಲಾಯ ಸಿಗುತ್ತದೆ, ಇಲ್ಲದ್ದು ಕೈಯಿಂದ ಕೈಗೆ ಮಾರಾಟವಾಗುತ್ತ ಬಡವಾಗುತ್ತ ಹೋಗುತ್ತದೆ.

ಸವಾರಿಯನ್ನು ಆಟವಾಗಿ ಕಲಿಯುವ ಚಟ ಬೆಂಗಳೂರಿಗೆ ದಂಡಿನ ಕಾಲದಿಂದಲೂ ಇತ್ತು. ಆದರೆ ಅದು ಅಧಿಕಾರಿಗಳ ಮನೆಯ ಮಾತು. 1996ರಲ್ಲಿ ಶುರುವಾದ ಎಂಬೆಸಿ ರೈಡಿಂಗ್ ಸ್ಕೂಲಿನಂಥ ಸಂಸ್ಥೆಗಳು ಬಂದ ಮೇಲೆ ಅದು ಶುಲ್ಕ ಕಟ್ಟಬಲ್ಲವರ ಮಕ್ಕಳಿಗೂ ತೆರೆಯಿತು. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ನಂತರ ಈ ಆಟದಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಫೈನಲ್ ತಲುಪಿ 23ನೆಯವರಾದಾಗ ಬಹುಶಃ ಮೊದಲ ಬಾರಿಗೆ ನಮ್ಮ ಮನೆಗಳ ಟಿವಿಯಲ್ಲಿ ರೇಸಿನದಲ್ಲದ ಕುದುರೆ ಓಡಿತು.

ನಮ್ಮ ಜಿಲ್ಲೆಯ ಮಟ್ಟಿಗೆ ಕುದುರೆಯ ಕನಸು ಬಿತ್ತಿದ್ದು ಮಾತ್ರ ಒಲಿಂಪಿಕ್ಸ್ ಅಲ್ಲ, ‘ಶೋಲೆ’. 1973ರ ಅಕ್ಟೋಬರಿನಲ್ಲಿ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ಕ್ಕೆ ಸಿನಿಮಾ ತೆರೆಗೆ ಬಂತು. ಗಬ್ಬರನ ಗ್ಯಾಂಗು ಧೂಳೆಬ್ಬಿಸಿ ಇಳಿಯುವ ಆ ಬೆಟ್ಟ, ಬಸಂತಿಯ ಜಟಕಾ ಎಳೆಯುವ ಧನ್ನೊ, ಇವೆಲ್ಲ ನೋಡಿದ ಮೇಲೆ ರಾಮದೇವರ ಬೆಟ್ಟದಲ್ಲಿ ಕುದುರೆ ಹತ್ತಬೇಕೆನ್ನುವ ಆಸೆ ಯಾರಿಗೆ ಬರದು? ಆಸೆ ಈಡೇರುವಂತಿಲ್ಲ. ಆ ಬೆಟ್ಟದ 346 ಹೆಕ್ಟೇರ್ 2012ರಿಂದ ರಣಹದ್ದುಗಳ ಅಭಯಾರಣ್ಯ, ದೇಶದಲ್ಲೇ ಮೊದಲನೆಯದು. ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದಿಗೆ ನಮ್ಮ ಗೊರಸಿನ ಸದ್ದು ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೊರಗಿನವರು ಕಾಲಿಡಲೇ ಅನುಮತಿ ಬೇಕು. ಹಾರೋಹಳ್ಳಿಯ ಬೆನ್ನಿಗೇ ಇರುವ ಬನ್ನೇರುಘಟ್ಟ ಕಾಡಿಗೂ ಇದೇ ಕಟ್ಟಳೆ. ಅಲ್ಲಿ ಆನೆಗಳ ಓಡಾಟವೂ ಇದೆ. ಆನೆಯ ವಾಸನೆ ಹತ್ತಿದ ಕುದುರೆ ಸವಾರನ ಮಾತು ಕೇಳುವುದಿಲ್ಲ. ಆದ್ದರಿಂದ ಈ ಭಾಗದಲ್ಲಿ ‘ಜಂಗಲ್ ರೈಡ್’ ಎಂದು ಬೋರ್ಡು ಕಂಡರೆ ನೀಲಗಿರಿ ತೋಪು, ಮಾವಿನ ತೋಟ, ಕೆರೆ ಏರಿ, ಗೋಮಾಳದ ಕಾಲುದಾರಿ ಎಂದು ಅರ್ಥ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ಅದೇ ಚೆಂದ.

ಅಂಥದೊಂದು ತೋಟದಲ್ಲಿ ಜೀನು ಕಟ್ಟುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕುದುರೆ ನೋಡಿಕೊಳ್ಳುವವನು ಬ್ರಷ್ಷಿನಿಂದ ಬೆನ್ನು ಉಜ್ಜಿ, ದಪ್ಪ ಬಟ್ಟೆ ಹಾಸಿ, ಜೀನನ್ನು ಸ್ವಲ್ಪ ಮುಂದಕ್ಕೆ ಇಟ್ಟು, ಕೂದಲು ಮಡಚದಂತೆ ಹಿಂದಕ್ಕೆ ಸರಿಸಿದ. ಹೊಟ್ಟೆಪಟ್ಟಿ ಬಿಗಿದ. ಕುದುರೆ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸಿ ನಿಂತಿತು. ಅವನು ಅವಸರ ಮಾಡದೆ ಅದನ್ನು ಒಂದು ಸುತ್ತು ನಡೆಸಿಕೊಂಡು ಬಂದ. ಈಗ ಪಟ್ಟಿ ಎರಡು ತೂತು ಸಡಿಲವಾಗಿತ್ತು, ಮತ್ತೆ ಬಿಗಿದ. ಹಾಗೆ ಮಾಡದಿದ್ದರೆ ದಾರಿಯ ಮಧ್ಯೆ ಸವಾರ ಜೀನಿನ ಸಮೇತ ಪಕ್ಕಕ್ಕೆ ವಾಲುತ್ತಾನೆ. ಹತ್ತಿದ ಹುಡುಗ ಹೆದರಿ ಲಗಾಮು ಎರಡೂ ಕೈಯಲ್ಲಿ ಜಗ್ಗಿದ. ಕುದುರೆ ನಿಲ್ಲುವ ಬದಲು ಕತ್ತು ಚಾಚಿ ಬಿರುಸಾಯಿತು.

‘ಜಗ್ಗಬೇಡಿ ಸಾರ್, ಸಡಿಲ ಬಿಡಿ. ರೇಸಲ್ಲಿ ಓಡಿದ್ ಕುದುರೆ ಅದು. ಜಗ್ಗಿದಷ್ಟೂ ಓಡು ಅಂತ ತಿಳ್ಕೊಳ್ತದೆ,’ ಎಂದ ಅವನು.

ಹುಡುಗ ಸಡಿಲ ಬಿಟ್ಟ, ಕುದುರೆ ನಿಧಾನಿಸಿತು. ಮುಂದೆ ಹೋಗುತ್ತಿದ್ದ ಗೈಡಿನ ಕುದುರೆಯನ್ನು ಹಿಂಬಾಲಿಸಿ ಉಳಿದ ಮೂರೂ ಸಾಲು ಹಿಡಿದವು. ಕುದುರೆ ಹಿಂಡಿನ ಪ್ರಾಣಿ; ಮುಂದಿನದು ಧೈರ್ಯದಿಂದ ನಡೆದರೆ ಹಿಂದಿನವೂ ನಡೆಯುತ್ತವೆ. ಕಾಡಿನ ದಾರಿಯಲ್ಲಿ ಅಪರಿಚಿತರನ್ನು ಕೂರಿಸಿಕೊಂಡು ಹೋಗುವ ಈ ಇಡೀ ವ್ಯಾಪಾರ ನಿಂತಿರುವುದೇ ಆ ಸ್ವಭಾವದ ಮೇಲೆ. ಮೊದಲ ಸಲ ಅಲೆ ಕಂಡ ಕುದುರೆಯನ್ನು ಕಡಲಿಗೆ ಒಗ್ಗಿಸುವುದೂ ಹೀಗೆಯೇ, ಅನುಭವಸ್ಥ ಕುದುರೆಯೊಂದನ್ನು ನೀರಿನ ಕಡೆಗಿಟ್ಟು.

ಕಡಲ ದಂಡೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿಯಾಗಿದ್ದು ಕಾಲಿಗೆ ಹಿತ. ಮೇಲಿನ ಒಣ ಮರಳಿನಲ್ಲಿ ಗೊರಸು ಹೂತುಕೊಂಡು ಪ್ರತಿ ಹೆಜ್ಜೆಗೂ ಕಾಲಿನ ನರ ಎಳೆಯುತ್ತದೆ. ರೇಸಿನಲ್ಲಿ ಒಮ್ಮೆ ಜಖಂಗೊಂಡ ಕಾಲಿಗೆ ಅದು ಶಿಕ್ಷೆ. ಜನಜಂಗುಳಿಯ ಬೀಚುಗಳಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಐದೈದು ನಿಮಿಷಕ್ಕೊಬ್ಬರನ್ನು ಹತ್ತಿಸಿ ಇಳಿಸುವ ಕುದುರೆ ನಡೆಯುವುದು ಹೆಚ್ಚಾಗಿ ಆ ಒಣ ಮರಳಿನಲ್ಲೇ. ಹತ್ತಿರ ನೀರಿನ ಬಕೆಟ್ಟು ಕಾಣುವುದು ಅಪರೂಪ. ಕುದುರೆಗೆ ವಾಂತಿ ಮಾಡಲು ಬಾರದು. ನೀರು, ಮೇವು ಹೆಚ್ಚುಕಮ್ಮಿಯಾಗಿ ಹೊಟ್ಟೆಶೂಲೆ ಹಿಡಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಕುತ್ತು.

ಹಾರೋಹಳ್ಳಿಯ ಹುಡುಗರು ಕುದುರೆ ಹತ್ತಬಾರದು ಎನ್ನುವವನಲ್ಲ ನಾನು. ಹತ್ತುವವರು ಇದ್ದರೇ ನಿವೃತ್ತ ಕುದುರೆಗೆ ಹುರುಳಿಯೂ ಕುದುರೆ ಮಸಾಲೆ ಸೊಪ್ಪೂ ಸಿಗುವುದು. ಬೆಳಗ್ಗೆ ಬಿಸಿಲೇರುವ ಮೊದಲೇ ಹೋಗಿ. ಜೀನು ಸೇರಿ ನಿಮ್ಮ ಭಾರ ಕುದುರೆಯ ತೂಕದ ಐದನೇ ಒಂದು ಪಾಲು ದಾಟಬಾರದು ಎಂಬುದು ಸವಾರಿ ಬಲ್ಲವರು ಪಾಲಿಸುವ ಲೆಕ್ಕ. ನಿಮ್ಮ ಮೈಕಟ್ಟು ದೊಡ್ಡದಿದ್ದರೆ ದೊಡ್ಡ ಕುದುರೆ ಕೇಳಿ, ಸಂಕೋಚ ಬೇಡ. ಲಾಳ ಅಲ್ಲಾಡುತ್ತಿದೆಯೇ, ಪಕ್ಕೆಲುಬು ಎಣಿಸುವಂತಿದೆಯೇ ಎಂದು ನೋಡುವುದಕ್ಕೆ ತಜ್ಞರೇ ಆಗಬೇಕಿಲ್ಲ. ಗಾಯವಾದ, ಹುಣ್ಣಾದ ಪ್ರಾಣಿಯಿಂದ ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ದುಡ್ಡು ಕೊಡುವ ಮುಂಚೆ ಜೀನು ಎತ್ತಿಸಿ ಬೆನ್ನು ನೋಡಿ. ಹುಣ್ಣು ಕಂಡರೆ ಹತ್ತಬೇಡಿ, ಯಾಕೆ ಹತ್ತಲಿಲ್ಲ ಎಂಬುದನ್ನು ಮಾಲೀಕರಿಗೆ ಹೇಳಿಯೇ ಬನ್ನಿ.