ಹಳೆಯ ವೀರಕಥೆಗಳ ಹೊಸ ಮುದ್ರಣ

ಧಾರಾವಿಯಲ್ಲಿ ವಾಸಿಸುವವರಿಗೆ ಕಾಳಾ ಕಿಲ್ಲಾ ಎಂಬ ಹೆಸರು ಹೊಸದಲ್ಲ. ಆದರೆ ಆ ಹೆಸರಿನ ಬಸ್ಸು ನಿಲ್ಲುವ ಸ್ಥಳವನ್ನು ಬಲ್ಲವರಲ್ಲಿ ಅನೇಕರು ಕಿಲ್ಲೆಯನ್ನು ಕಣ್ಣಾರೆ ಕಂಡಿರುವುದಿಲ್ಲ. ಮಿಠಿ ನದಿಯ ಸಮೀಪದಲ್ಲಿ, ಮನೆಗಳ ಸಂದಣಿಯ ಹಿಂದೆ, ಕಪ್ಪು ಕಲ್ಲಿನ ಆ ಪುಟ್ಟ ಕೋಟೆ ಇಂದಿಗೂ ನಿಂತಿದೆ. ಮುಂಬಯಿಯ ಗವರ್ನರನಾಗಿದ್ದ ಜಾನ್ ಹಾರ್ನ್ ಎಂಬವನ ಆಜ್ಞೆಯಂತೆ 1737ರಲ್ಲಿ ಇದನ್ನು ಕಟ್ಟಲಾಯಿತೆಂದು ಗೋಡೆಯ ಶಿಲಾಫಲಕವು ತಿಳಿಸುತ್ತದೆ. ಅದೇ ವರ್ಷ ಮರಾಠರ ಸೇನೆಯು ನದಿಯಾಚೆಯ ಸಾಷ್ಟಿ ದ್ವೀಪಕ್ಕೆ ನುಗ್ಗಿತು. 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯ ಕೋಟೆಯನ್ನು ಪೋರ್ತುಗೀಜರಿಂದ ಗೆದ್ದುಕೊಂಡನು. ಕಳೆದ ವರ್ಷ ನಾವು ಏಳನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಫಲಕವನ್ನು ಓದಿ ತೋರಿಸಿದೆವು. ಹಿಂತಿರುಗುವ ದಾರಿಯಲ್ಲಿ ಒಬ್ಬ ಹುಡುಗನು, “ಸರ್, ಇಂಥ ಕಿಲ್ಲೆ, ಲಡಾಯಿಗಳ ಕಥೆ ಕನ್ನಡದಾಗ ಅದಾವೇನ್ರೀ?” ಎಂದು ಕೇಳಿದನು.

ಇವೆ, ನೂರು ವರ್ಷಗಳ ಹಿಂದೆಯೇ ಬಂದಿವೆ. ಅವುಗಳಲ್ಲೊಂದು ನಮ್ಮ ಶಾಲೆಯ ಕಪಾಟಿನಲ್ಲಿಯೇ ಇದ್ದಿತು. ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯ ಆ ಪ್ರತಿಗೆ ಹೊದಿಕೆಯಿರಲಿಲ್ಲ. ಎಷ್ಟೋ ಮಳೆಗಾಲಗಳ ತೇವವನ್ನು ಕುಡಿದು ಹಾಳೆಗಳು ಕಂದಿದ್ದವು. ಮಡಚಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ನಡುವೆ ಕೆಲವು ಪುಟಗಳು ಇರಲೇ ಇಲ್ಲ. ಹಳೆಯ ಐತಿಹಾಸಿಕ ಸಾಹಸ ಕಾದಂಬರಿಗಳನ್ನೂ ಯುದ್ಧವೃತ್ತಾಂತಗಳನ್ನೂ ಇಂದಿನ ಓದುಗರಿಗಾಗಿ ಮತ್ತೆ ಮುದ್ರಿಸುವುದೆಂದರೇನು, ಅದರಲ್ಲಿರುವ ತೊಡಕುಗಳಾವುವು ಎಂಬ ವಿಚಾರವು ನಮ್ಮ ತಲೆಯನ್ನು ಹೊಕ್ಕದ್ದು ಆ ಮುರಿದ ಹಾಳೆಗಳ ಮೂಲಕವೇ.

ಗಳಗನಾಥರೆಂದರೆ ಯಾರು? ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಇಂದಿನ ಹಾವೇರಿ ಜಿಲ್ಲೆಯಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವೆಂಬ ಗ್ರಾಮವಿದೆ. ಆ ಊರೇ ಅವರ ಲೇಖನನಾಮವಾಯಿತು. ನಾವೂ ಆ ಸೀಮೆಯವರೇ ಆದುದರಿಂದ ನಮಗೆ ಸ್ವಲ್ಪ ಪಕ್ಷಪಾತವುಂಟೆಂದು ವಾಚಕರು ಭಾವಿಸಿದರೆ ತಪ್ಪಲ್ಲ. ಅವರು ಶಾಲಾ ಶಿಕ್ಷಕರಾಗಿದ್ದವರು. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯ ಮೂಲಕ ಅವರ ಬರಹವು ಹಳ್ಳಿಹಳ್ಳಿಯನ್ನು ಮುಟ್ಟಿತು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಸಂಗತಿಯು ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ.

ಆ ಕಾಲದ ಸ್ಥಿತಿಯನ್ನು ನೆನೆದರೆ ಈ ಶ್ರಮದ ಅರ್ಥವಾದೀತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ಓದುಬಲ್ಲ ಕನ್ನಡಿಗರಲ್ಲಿ ಬಹುಮಂದಿ ಮರಾಠಿಯನ್ನೇ ಓದುತ್ತಿದ್ದರು. ಹರಿ ನಾರಾಯಣ ಆಪಟೆಯವರ ಕಾದಂಬರಿಗಳಲ್ಲಿ ಶಿವಾಜಿಯ ಗಡಗಳನ್ನು ಹತ್ತಿ ಇಳಿಯುತ್ತಿದ್ದರು. ಅವರನ್ನು ಕನ್ನಡಕ್ಕೆ ಕರೆತರಬೇಕಾದರೆ ಅಷ್ಟೇ ರೋಚಕವಾದ ಪುಸ್ತಕವು ಕನ್ನಡದಲ್ಲಿ ಬೇಕಾಗಿತ್ತು. ಗಳಗನಾಥರು ಆಪಟೆಯವರ ‘ವಜ್ರಾಘಾತ’ವನ್ನು ‘ಕನ್ನಡಿಗರ ಕರ್ಮಕಥೆ’ಯಾಗಿಸಿದರು, ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾ ವಿಲಾಸ’ವನ್ನು ಬರೆದರು. ಮೈಸೂರು ಸೀಮೆಯಲ್ಲಿ ಇದಕ್ಕೂ ಮೊದಲೇ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು 1885ರಲ್ಲಿ ಕನ್ನಡಕ್ಕೆ ತಂದಿದ್ದರು. ಬಂಕಿಮರನ್ನು ಬಂಗಾಳದ ಸ್ಕಾಟನೆಂದು ಕರೆಯುತ್ತಿದ್ದರು. ಹೀಗೆ ಸ್ಕಾಟ್‌ಲೆಂಡಿನ ವಾಲ್ಟರ್ ಸ್ಕಾಟನು ತೆರೆದ ದಾರಿಯು ಕಲಕತ್ತೆ, ಪುಣೆಗಳನ್ನು ಹಾಯ್ದು ನಮ್ಮ ಅಗಡಿಯವರೆಗೆ ಬಂದಿತು.

ಆ ಹರಿದ ಪ್ರತಿಯನ್ನು ನಾವು ಶನಿವಾರದ ಕೊನೆಯ ತಾಸಿನಲ್ಲಿ ಗಟ್ಟಿಯಾಗಿ ಓದತೊಡಗಿದೆವು. ಮೊದಲ ದಿನ ಮಕ್ಕಳು ಆಕಳಿಸಿದರು. ವಾಕ್ಯಗಳು ಉದ್ದ, ಲೇಖಕರು ಕಥೆಯನ್ನು ನಡುವೆ ನಿಲ್ಲಿಸಿ ವಾಚಕರೊಡನೆ ಮಾತಿಗಿಳಿಯುತ್ತಾರೆ, ಸಂಸ್ಕೃತ ಸಮಾಸಗಳು ಸಾಲಾಗಿ ಬರುತ್ತವೆ. ಮೂರನೆಯ ಶನಿವಾರದ ಹೊತ್ತಿಗೆ ಶಾಲೆ ಬಿಡುವ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಇನ್ನೊಂದು ಸಂಗತಿ ನಮಗೆ ಸೋಜಿಗವನ್ನುಂಟುಮಾಡಿತು. ಸರದಾರ, ಕಿಲ್ಲೇದಾರ, ಛಾವಣಿ, ಕುಮಕು, ಮಸಲತ್ತು ಮುಂತಾದ ಶಬ್ದಗಳನ್ನು ಇಂದು ಬೆಂಗಳೂರಿನ ಮಗುವಿಗೆ ಬಿಡಿಸಿ ಹೇಳಬೇಕಾದೀತು. ಧಾರಾವಿಯ ಮಗುವಿಗೆ ಅವು ನೆರೆಮನೆಯ ಮರಾಠಿಯಿಂದಲೂ ಹಿಂದಿಯಿಂದಲೂ ಮೊದಲೇ ಪರಿಚಿತ. ಇಂಥ ಶಬ್ದಗಳನ್ನು ತೆಗೆದು ‘ಶುದ್ಧ’ ಕನ್ನಡವನ್ನು ತುಂಬಬೇಕೆನ್ನುವ ಸಂಪಾದಕರು ಒಮ್ಮೆ ನಮ್ಮ ತರಗತಿಗೆ ಬಂದು ಕುಳಿತು ನೋಡಬೇಕು.

ಮರುಮುದ್ರಣವು ಮೇಲ್ನೋಟಕ್ಕೆ ಸುಲಭವಾಗಿ ತೋರುತ್ತದೆ. ಮೊದಲು ಹಕ್ಕಿನ ಪ್ರಶ್ನೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನು ತೀರಿಕೊಂಡ ವರ್ಷದ ಅನಂತರ ಐವತ್ತು ವರ್ಷಗಳವರೆಗೆ ಹಕ್ಕು ವಾರಸುದಾರರಲ್ಲಿರುತ್ತಿತ್ತು. 1992ರ ತಿದ್ದುಪಡಿಯು ಅದನ್ನು ಅರುವತ್ತಕ್ಕೆ ಏರಿಸಿತು. ಆದುದರಿಂದ ಗಳಗನಾಥರ ಕೃತಿಗಳು 2003ರಿಂದ ಸರ್ವರ ಸೊತ್ತು. ಯಾರು ಬೇಕಾದರೂ ಮುದ್ರಿಸಬಹುದು. 1984ರಲ್ಲಿ ತೀರಿಕೊಂಡ ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳಿಗಾದರೋ 2044ರ ಅಂತ್ಯದವರೆಗೆ ಅಪ್ಪಣೆ ಬೇಕು. ಹಣದ ತೊಡಕು ಹಿಂದಿನಷ್ಟಿಲ್ಲ. ಮೊದಲು ಸಾವಿರ ಪ್ರತಿಗಳನ್ನು ಒಮ್ಮೆಗೇ ಅಚ್ಚು ಹಾಕಿಸದೆ ಗತಿಯಿರಲಿಲ್ಲ. ಈಗ ಐವತ್ತನ್ನೋ ನೂರನ್ನೋ ಮುದ್ರಿಸಿ, ತೀರಿದ ಮೇಲೆ ಮತ್ತೆ ಮುದ್ರಿಸಬಹುದು.

ನಿಜವಾದ ಕಷ್ಟವಿರುವುದು ಪಾಠದಲ್ಲಿ. ಹಳೆಯ ಪುಟಗಳ ಚಿತ್ರ ತೆಗೆದು ಯಂತ್ರದಿಂದ ಅಕ್ಷರಗಳನ್ನು ಓದಿಸುವ ಕ್ರಮವು ಈಗ ಬಂದಿದೆ. ಯಂತ್ರಕ್ಕೆ ಕನ್ನಡದ ಒತ್ತಕ್ಷರಗಳು ಇನ್ನೂ ಪೂರ್ಣವಾಗಿ ಒಲಿದಿಲ್ಲ. ಅದು ‘ಮ’ಕಾರವನ್ನು ‘ವು’ ಎಂದೂ ಸೊನ್ನೆಯನ್ನು ಅನುಸ್ವಾರವೆಂದೂ ಓದಿಬಿಡುತ್ತದೆ; ಹರಿದ ಅಂಚಿನ ಅಕ್ಷರಗಳನ್ನು ತನಗೆ ತೋಚಿದಂತೆ ತುಂಬುತ್ತದೆ. ಆದುದರಿಂದ ಒಬ್ಬರು ಮೂಲವನ್ನು ಓದುತ್ತಿರಲು ಇನ್ನೊಬ್ಬರು ಹೊಸ ಪ್ರತಿಯ ಮೇಲೆ ಬೆರಳಿಟ್ಟು ತಾಳೆ ನೋಡುವ ಹಳೆಯ ಪದ್ಧತಿಗೆ ಇಂದಿಗೂ ಬದಲಿಯಿಲ್ಲ. ಕಾಗುಣಿತವನ್ನು ಇಂದಿನ ರೂಢಿಗೆ ತರಬಹುದು, ಮುದ್ರಣದೋಷವನ್ನು ತಿದ್ದಬಹುದು, ಅಕ್ಷರವನ್ನು ದೊಡ್ಡದು ಮಾಡಬಹುದು. ಮಾಡಿದ್ದನ್ನೆಲ್ಲ ಮುನ್ನುಡಿಯಲ್ಲಿ ಹೇಳಬೇಕು. ಶಬ್ದವನ್ನು ಮುಟ್ಟಬಾರದೆಂಬುದು ನಮ್ಮ ಮತ.

ಇಷ್ಟು ನಿಷ್ಠುರವಾಗಿ ಹೇಳಲು ಕಾರಣವುಂಟು. ಹಳೆಯ ಐತಿಹಾಸಿಕ ಕಾದಂಬರಿಯೊಂದರ ‘ಪರಿಷ್ಕೃತ’ ಮುದ್ರಣವನ್ನು ನಾವು ಹಿಂದೊಮ್ಮೆ ಸ್ವಂತ ಹಣದಿಂದ ಕೊಂಡೆವು. ಪ್ರಕಾಶಕರ ಹೆಸರು ಇಲ್ಲಿ ಅನವಶ್ಯಕ. ಮೂಲದೊಡನೆ ಹೋಲಿಸಿ ನೋಡಲು ಸುಮಾರು ಮೂರನೆಯ ಒಂದು ಭಾಗವೇ ಮಾಯವಾಗಿತ್ತು. ಬಿಟ್ಟುಹೋದುದರ ಬಗ್ಗೆ ಒಂದು ಸಾಲಿನ ಸೂಚನೆಯೂ ಇರಲಿಲ್ಲ. ಓಟಕ್ಕೆ ಅಡ್ಡಿಯೆಂದು ವರ್ಣನೆಗಳನ್ನು ಕತ್ತರಿಸಿದ್ದರು, ಅದನ್ನಾದರೂ ಸಹಿಸಬಹುದಾಗಿತ್ತು. ಆದರೆ ಇಂದಿನವರಿಗೆ ರುಚಿಸಲಾರದೆಂದು ತೋರಿದ ಮಾತುಗಳನ್ನು ಕೆಲವೆಡೆ ನಯಮಾಡಿಯೂ, ಕೆಲವೆಡೆ, ಇದೇ ಆಶ್ಚರ್ಯ, ಮೊದಲಿಗಿಂತ ಹರಿತಮಾಡಿಯೂ ಇಟ್ಟಿದ್ದರು. ಹೀಗೆ ಮಾಡಿದರೆ ಓದುಗನು ಯಾರ ಮಾತನ್ನು ಓದುತ್ತಿದ್ದಾನೆ? ಸತ್ತ ಲೇಖಕನು ಎದ್ದು ಬಂದು ಇದು ತನ್ನದಲ್ಲವೆಂದು ಹೇಳಲಾರನು.

ಈ ಪ್ರಶ್ನೆಯು ನಮ್ಮ ತರಗತಿಯಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. ‘ಕನ್ನಡಿಗರ ಕರ್ಮಕಥೆ’ಯ ವಸ್ತುವು ವಿಜಯನಗರದ ಪತನ. ರಾಮರಾಜನ ಸೇನೆಯನ್ನು ದಕ್ಷಿಣದ ಸುಲ್ತಾನರು ಒಟ್ಟುಗೂಡಿ 1565ರ ಜನವರಿ 23ರಂದು ಮುರಿದರು. ಅದನ್ನೇ ನಾವು ತಾಳಿಕೋಟೆಯ ಯುದ್ಧವೆಂದೂ ರಕ್ಕಸತಂಗಡಗಿಯ ಯುದ್ಧವೆಂದೂ ಕರೆಯುತ್ತೇವೆ. ಆ ಕಾಲದ ಇಂಥ ಕಾದಂಬರಿಗಳಲ್ಲಿ ಎದುರು ಪಕ್ಷವನ್ನು ಒಂದೇ ಕಪ್ಪು ಬಣ್ಣದಲ್ಲಿ ಅದ್ದುವ ಮಾತುಗಳು ಅಲ್ಲಲ್ಲಿ ಬರುತ್ತವೆ. ಒಂದು ಶನಿವಾರ ಓದು ಮುಗಿದ ಮೇಲೆ, ಕಲಬುರ್ಗಿಯ ಕಡೆಯಿಂದ ಬಂದ ಮುಸಲ್ಮಾನ ಕುಟುಂಬದ ಒಬ್ಬ ವಿದ್ಯಾರ್ಥಿನಿಯು ಎಲ್ಲರೂ ಹೋಗುವವರೆಗೆ ಕಾದು ನಿಂತು, “ಸರ್, ಆ ಕಡೆ ಒಬ್ರೂ ಚಲೋ ಮಂದಿ ಇರ್ಲಿಲ್ಲೇನ್ರೀ?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಮಗೆ ಮಾತ್ರ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ, ಮುಂದಿನ ವಾರ ಅಂಥ ಪುಟಗಳನ್ನು ಹಾರಿಸಿ ಓದೋಣವೇ ಎಂಬ ಯೋಚನೆ ನಮಗೂ ಬಂದಿತೆಂದು ಒಪ್ಪಿಕೊಳ್ಳಬೇಕು. ಕತ್ತರಿ ಹಿಡಿದ ಆ ಪ್ರಕಾಶಕರಿಗೂ ನಮಗೂ ಆಗ ಎಷ್ಟು ಅಂತರವಿತ್ತು!

ಹಾರಿಸಲಿಲ್ಲ. ಬದಲಾಗಿ ಕಾದಂಬರಿಯ ಪಕ್ಕದಲ್ಲಿ ಆ ಕಾಲದವರೇ ಬರೆದಿಟ್ಟ ವೃತ್ತಾಂತಗಳನ್ನು ಇಟ್ಟುಕೊಂಡು ಓದತೊಡಗಿದೆವು. ವಿಜಯನಗರದ ಎರಡನೆಯ ದೇವರಾಯನು ಮುಸಲ್ಮಾನ ಸವಾರರನ್ನೂ ಬಿಲ್ಲುಗಾರರನ್ನೂ ಸೇನೆಗೆ ಸೇರಿಸಿಕೊಂಡನೆಂದೂ, ಅವರು ತಮ್ಮ ಧರ್ಮಕ್ಕೆ ಚ್ಯುತಿಯಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇಡಿಸಿದನೆಂದೂ ಫಿರಿಶ್ತಾ ಬರೆದಿದ್ದಾನೆ. ತಾಳಿಕೋಟೆಯ ಯುದ್ಧವಾದ ಎರಡು ವರ್ಷಗಳ ಮೇಲೆ, ಅಂದರೆ 1567ರಲ್ಲಿ, ವೆನಿಸ್ಸಿನ ವರ್ತಕನಾದ ಸೀಸರ್ ಫ್ರೆಡರಿಕ್ ಹಾಳಾದ ರಾಜಧಾನಿಗೆ ಬಂದು ಏಳು ತಿಂಗಳು ಅಲ್ಲಿದ್ದನು. ರಾಮರಾಜನ ಇಬ್ಬರು ಮುಸಲ್ಮಾನ ಸೇನಾನಿಗಳು ರಣರಂಗದಲ್ಲಿ ಪಕ್ಷ ಬದಲಿಸಿದುದೇ ಸೋಲಿಗೆ ಕಾರಣವೆಂದು ಅವನ ಹೇಳಿಕೆ. ಈ ಮಾತನ್ನು ಓದಿದಾಗ ಆ ಹುಡುಗಿಯ ಮುಖ ಬಾಡಿತು. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬನು, “ಪಕ್ಷ ಬದಲಿಸ್ಬೇಕಂದ್ರ ಅಲ್ಲೀತನಕ ಇವರ ಕಡೇನ ಇದ್ರಲ್ರೀ?” ಎಂದನು. ಸೇನಾನಿಗಳಾಗುವಷ್ಟು ನಂಬಿಕೆಗೆ ಪಾತ್ರರಾಗಿ ಇದ್ದರು. ರಾಮರಾಜನು ತಾನೂ ಹಿಂದೆ ಒಬ್ಬ ಸುಲ್ತಾನನೊಡನೆ ಕೂಡಿ ಇನ್ನೊಬ್ಬನ ಮೇಲೆ ದಂಡೆತ್ತಿ ಹೋದವನು. ಕಾದಂಬರಿಯಲ್ಲಿ ಎರಡೇ ಬಣ್ಣಗಳಿದ್ದ ರಣರಂಗವು ಹೀಗೆ ನಾನಾ ಬಣ್ಣದ್ದಾಯಿತು.

ಯುದ್ಧವೃತ್ತಾಂತಗಳ ಪೈಕಿ ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಮಿಗಿಲಾಗಿ ಹಿಡಿಸಿದುದು ನೂನಿಜ್ ಎಂಬ ಪೋರ್ತುಗೀಜ ಕುದುರೆ ವ್ಯಾಪಾರಿಯದು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ ವಿವರವನ್ನು, ಅದಾಗಿ ಸುಮಾರು ಹದಿನೈದು ವರ್ಷಗಳ ಮೇಲೆ ವಿಜಯನಗರದಲ್ಲಿದ್ದ ಈತನು ಕೇಳಿ ಬರೆದನು. ಈ ಬರಹದ ಕಥೆಯೇ ಮರುಮುದ್ರಣದ ಮಹಿಮೆಗೆ ಸಾಕ್ಷಿ. ಶತಮಾನಗಳ ಕಾಲ ಕೈಬರಹವಾಗಿ ಬಿದ್ದಿದ್ದು, ಪ್ಯಾರಿಸ್ಸಿನ ಗ್ರಂಥಾಲಯದಿಂದ 1897ರಲ್ಲಿ ಅಚ್ಚಿಗೆ ಬಂದಿತು. ಮೂರು ವರ್ಷಗಳ ಮೇಲೆ ರಾಬರ್ಟ್ ಸೂವೆಲ್ಲನು ಅದನ್ನು ಇಂಗ್ಲಿಷಿಗೆ ತಿರುಗಿಸಿ ತನ್ನ ವಿಜಯನಗರದ ಇತಿಹಾಸದೊಡನೆ ಪ್ರಕಟಿಸಿದನು. ಆ ಪುಟಗಳು ಹೊರಬರದಿದ್ದರೆ, ಮುಂಚೂಣಿಯು ಮುರಿದಾಗ ರಾಯನು ತನ್ನ ಮರಣದ ಗುರುತಾಗಿ ರಾಣಿಯರಿಗೆ ತೋರಿಸಲೆಂದು ಬೆರಳಿನ ಉಂಗುರವನ್ನು ಊಳಿಗದವನ ಕೈಗಿತ್ತು ಕುದುರೆಯೇರಿದನೆಂಬ ಪ್ರಸಂಗವನ್ನು ನಾವು ಅರಿಯುತ್ತಿರಲಿಲ್ಲ. ಯಾವ ಕಾದಂಬರಿಯಲ್ಲಿದ್ದರೂ ಒಪ್ಪುವ ಪ್ರಸಂಗವದು.

ನಮ್ಮ ಮಕ್ಕಳು ಆ ಉಂಗುರದ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವರನ್ನು ಹಿಡಿದು ನಿಲ್ಲಿಸಿದುದು ಬೇರೊಂದು ವಿವರ. ದಂಡು ಹೊರಟಾಗ ಬಾಯಾರಿಕೆಯಿಂದ ಯಾರೂ ಸಾಯಬಾರದೆಂದು ಹನ್ನೆರಡು ಸಾವಿರ ಜನರು ನೀರು ತುಂಬಿದ ಚರ್ಮದ ಚೀಲಗಳನ್ನು ಹೊತ್ತು ದಾರಿಯುದ್ದಕ್ಕೂ ನಿಂತಿದ್ದರೆಂದು ನೂನಿಜ್ ಹೇಳುತ್ತಾನೆ. ಬೆಳಿಗ್ಗೆ ಎದ್ದು ನಳದ ಮುಂದೆ ಕೊಡ ಹಿಡಿದು ನಿಲ್ಲುವ ಮಕ್ಕಳು ಅವರು. ಕೆಲವರ ಮನೆಯ ಮಾಳಿಗೆಯಲ್ಲಿಯೇ ಚರ್ಮದ ಚೀಲಗಳನ್ನು ಹೊಲಿಯುತ್ತಾರೆ. “ಹನ್ನೆರಡು ಸಾವಿರ ಚೀಲ ಯಾರು ಹೊಲದ್ರ್ರೀ ಸರ್?” ಎಂದು ಒಬ್ಬನು ಕೇಳಿದನು. ಒಂದು ಚೀಲಕ್ಕೆ ಎಷ್ಟು ಹೊತ್ತು ಹಿಡಿದೀತೆಂದು ಇನ್ನೊಬ್ಬನು ಲೆಕ್ಕ ಹಾಕಲು ಕುಳಿತನು. ವೀರಕಥೆಯಲ್ಲಿ ಇಂಥವರಿಗೆ ಸ್ಥಳವಿಲ್ಲ. ಕುದುರೆ ಮಾರುವವನು ಮಾತ್ರ ಅವರನ್ನು ಎಣಿಸಿ ಬರೆದಿಟ್ಟನು.

ಆದುದರಿಂದ ಹಳೆಯ ಸಾಹಸ ಕಾದಂಬರಿಯನ್ನು ಮರುಮುದ್ರಿಸುವವರು ಅದನ್ನು ಇಡಿಯಾಗಿ ಕೊಡಲಿ. ಜೊತೆಯಲ್ಲಿ ಅದೇ ಯುದ್ಧದ ಸಮಕಾಲೀನ ವೃತ್ತಾಂತದಿಂದ ಹತ್ತಿಪ್ಪತ್ತು ಪುಟಗಳನ್ನು ಸೇರಿಸಲಿ. ಕಾದಂಬರಿಯಲ್ಲಿಯ ರಾಮರಾಜ ಮೆಹರ್ಜಾನರ ಪ್ರಣಯವು ಕಲ್ಪನೆಯೆಂದೂ, ಯುದ್ಧವು ನಡೆದುದು ನಿಜವೆಂದೂ ಓದುಗನಿಗೆ ತಿಳಿಯಬೇಡವೇ? ಇದಕ್ಕೆ ಪರದೇಶದವರನ್ನೇ ಆಶ್ರಯಿಸಬೇಕೆಂದೇನೂ ಇಲ್ಲ. 1779ರಲ್ಲಿ ಹೈದರನ ಕೈಸೇರಿದ ಚಿತ್ರದುರ್ಗದ ಕಥೆಯನ್ನು ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಓದುವವರ ಕೈಗೆ 1784ರ ‘ಹೈದರ್ ನಾಮೆ’ಯನ್ನೂ ಕೊಡಬಹುದು, ಅದು ಕನ್ನಡದಲ್ಲಿಯೇ ಬರೆದ ವೃತ್ತಾಂತ.

ನಮ್ಮ ಶಾಲೆಯಲ್ಲಿ ಈ ವರ್ಷ ಒಂದು ಸಣ್ಣ ಪ್ರಯತ್ನವು ನಡೆದಿದೆ. ಹರಿದ ಪ್ರತಿಯ ಮೊದಲ ಮೂರು ಪ್ರಕರಣಗಳನ್ನು ಮಕ್ಕಳು ಸರದಿಯಂತೆ ಬೆರಳಚ್ಚು ಮಾಡಿದ್ದಾರೆ. ಕಳೆದುಹೋದ ಪುಟಗಳನ್ನು ಬೇರೊಂದು ಮುದ್ರಣದಿಂದ ತುಂಬಿಸಿದೆವು. ಕೊನೆಯಲ್ಲಿ ಶಬ್ದಗಳ ಪಟ್ಟಿಯನ್ನೂ ಟಿಪ್ಪಣಿಗಳನ್ನೂ ಸೇರಿಸಿ ನಲವತ್ತು ಪ್ರತಿ ತೆಗೆಸುವುದೆಂದು ನಿಶ್ಚಯವಾಗಿದೆ. ದೇವರಾಯನ ಸವಾರರನ್ನು ಕುರಿತ ಟಿಪ್ಪಣಿಯನ್ನು ಆ ವಿದ್ಯಾರ್ಥಿನಿಯೇ ಕೇಳಿ ತೆಗೆದುಕೊಂಡು ಬರೆದಳು. ಮೂರೇ ವಾಕ್ಯಗಳು. ಒಂದು ಕಾಗುಣಿತದ ತಪ್ಪಿತ್ತು, ಅದನ್ನಷ್ಟೇ ತಿದ್ದಿದೆವು.